ಮೊದಲ ಎಲ್‌ಎಫ್‌ಒ ಯಾವುದು ತಗೋಬೇಕು? 84 ಎಚ್‌ಪಿ ಕೇಸ್, ಡ್ರೋನ್ ಕೆಲಸ

ಸಪ್ತಾಪುರ_ಡ್ರೋನ್, ಧಾರವಾಡ

ಎಲ್ಲಾರಿಗೂ ನಮಸ್ಕಾರ. ನನ್ನದು ಮಾಡ್ಯುಲರ್ ಸಿಂಥಸೈಜರ್, ಬಿಡಿ ಬಿಡಿ ಮಾಡ್ಯೂಲ್ ಕೇಸಿನಾಗ ಕೂಡಿಸಿ ಕೇಬಲ್ ಹಾಕಿ ಜೋಡಿಸೋ ವಾದ್ಯ. ಯೂರೋರ‍್ಯಾಕ್ ಕೇಸ್ 84 ಎಚ್‌ಪಿದು (ಎಚ್‌ಪಿ ಅಂದ್ರ ಮಾಡ್ಯೂಲಿನ ಅಗಲದ ಅಳತಿ), ಒಂದೇ ಸಾಲು. ವಿಸಿಒ (ಸ್ವರ ಹುಟ್ಟಿಸೋದು), ಲೋ-ಪಾಸ್ ಫಿಲ್ಟರ್ (ಮ್ಯಾಲಿನ ಕಂಪನ ತಡೆಯೋದು), ವಿಸಿಎ (ಶಬ್ದದ ಮಟ್ಟ ಏರಿಳಿಸೋದು), ಎಡಿಎಸ್‌ಆರ್ (ಒಂದೊಂದು ಸ್ವರಕ್ಕ ಏರಿ ಇಳಿಯೋ ವೋಲ್ಟೇಜ್ ಕೊಡೋದು), ಔಟ್‌ಪುಟ್ ಮಾಡ್ಯೂಲ್ ಕೂತಾವ. 22 ಎಚ್‌ಪಿ ಖಾಲಿ ಅದ. ಎಲ್‌ಎಫ್‌ಒ, ಅಂದ್ರ ನಿಧಾನಕ್ಕ ಏರಿಳಿಯೋ ವೋಲ್ಟೇಜ್ ಕೊಟ್ಟು ನಾಬ್ ತಾನೇ ತಿರುಗಿದಂಗ ಮಾಡೋ ಮಾಡ್ಯೂಲ್, ಒಂದೂ ಇಲ್ಲ, ಹಿಂಗಾಗಿ ಎಲ್ಲಾ ನಾಬ್ ಕೈಲೇ ತಿರುಗಿಸಬೇಕಾಗ್ಯದ.

ಮೂರು ಕೆಲಸ ಆಗಬೇಕು. ತಂಬೂರಿ ಹಂಗ ಬಿಡದೇ ನುಡಿಯೋ ಡ್ರೋನಿಗೆ ಫಿಲ್ಟರ್ ಅರ್ಧ ನಿಮಿಷಕ್ಕೊಮ್ಮೆ ತೆರಕೊಂಡು ಮುಚ್ಚಬೇಕು. ದರಬಾರಿ ಕಾನಡಾ ರಾಗದ ಕೋಮಲ ಗಾಂಧಾರದ ಆಂದೋಲನದ ಹಂಗ ಸ್ವರ ನಿಧಾನಕ್ಕ ತೂಗಬೇಕು. ತೀನ್‌ತಾಲದ ಒಂದು ಆವರ್ತನಕ್ಕ ಎಲ್‌ಎಫ್‌ಒದ ಒಂದು ಸುತ್ತು ಮುಗಿದು ಸಮ್‌ಗೆ (ತಾಳದ ಮೊದಲನೇ ಮಾತ್ರೆಗೆ) ಸರಿಯಾಗಿ ಕೂಡಬೇಕು.

ಡೋಪ್‌ಫರ್ ಎ-145, ಮೇಕ್ ನಾಯ್ಸ್ ಮ್ಯಾಥ್ಸ್, ಜಾವೊಕ್ ಬಟೂಮಿ, ಎಎಲ್‌ಎಂ ಕಂಪನಿಯ ಪಮೇಲಾ: ಈ ನಾಲ್ಕರ ಹೆಸರು ಎಲ್ಲಾ ಕಡೆ ಕೇಳಿಬರ್ತಾವ. ಸುಂಕ ಎಲ್ಲಾ ಸೇರಿ 20,000 ರೂಪಾಯಿ ದಾಟಬಾರದು. ಬೆಸುಗೆ ಹಾಕಲಿಕ್ಕೆ ಬರ್ತದ, ಮಲ್ಟಿಮೀಟರ್ ಅದ, ಆಸಿಲೋಸ್ಕೋಪ್ ಇಲ್ಲ. ಯಾವುದರಿಂದ ಸುರು ಮಾಡಬೇಕು, ಮತ್ತ ಯಾಕ, ತಿಳಿಸಿದ್ರ ಉಪಕಾರ ಆಗ್ತದ.

ಹಳೇಹುಬ್ಬಳ್ಳಿ_ಸೋಲ್ಡರ್, ಹುಬ್ಬಳ್ಳಿ

ನೋಡ್ರಿ ಸರ, ನಾಲ್ಕೂ ಹೆಸರು ಸ್ವಲ್ಪ ಬದಿಗಿಡ್ರಿ. ಎಲ್‌ಎಫ್‌ಒ ಆರಿಸೂಮುಂದ ಮೊದಲ ಕೇಳಬೇಕಾದ್ದು ಎರಡು. ವೇಗ ಎಷ್ಟು ಕೆಳಗ ಇಳೀತೈತಿ? ವೋಲ್ಟೇಜ್ ಎಲ್ಲಿಂದ ಎಲ್ಲೀತನಕ ಆಡತೈತಿ? ತರಂಗದ ಆಕಾರ ನಾಲ್ಕದಾವೋ ಎಂಟದಾವೋ ಅನ್ನೂದು ಅದರ ಮುಂದಿನ ಮಾತು.

ವೇಗದ್ದು ಸರಳ ಲೆಕ್ಕ. ಅರ್ಧ ನಿಮಿಷಕ್ಕ ಒಂದು ಸುತ್ತು ಅಂದ್ರ 0.033 ಹರ್ಟ್ಸ್. ಜಾಹೀರಾತಿನಾಗ ಮ್ಯಾಲಿನ ತುದಿ ದೊಡ್ಡದಾಗಿ ಬರೀತಾರ, ಆಡಿಯೋ ವೇಗಕ್ಕ ಹೋಗತೈತಿ ಅಂತ. ಡ್ರೋನಿನವರಿಗೆ ಬೇಕಾದ್ದು ಕೆಳಗಿನ ತುದಿ. ಅಲ್ಲಿ 0.1 ಹರ್ಟ್ಸ್ ಅಂತಿದ್ರ 10 ಸೆಕೆಂಡಿಗೆ ಸುತ್ತು ಮುಗೀತು, ನಿಮ್ಮ ಮೊದಲನೇ ಕೆಲಸ ಆಗೂದಿಲ್ಲ. ವೇಗಕ್ಕ ಎರಡು-ಮೂರು ರೇಂಜಿನ ಸ್ವಿಚ್ ಇರೋದನ್ನ ನೋಡ್ರಿ. ಒಂದ ನಾಬಿನಾಗ ಎಲ್ಲಾ ವೇಗ ತುರುಕಿದ್ರ ನಿಧಾನದ ತುದಿಯಾಗ ಕೂದಲೆಳೆಯಷ್ಟು ತಿರುಗಿಸಿದ್ರೂ 20 ಸೆಕೆಂಡ್ ಇದ್ದದ್ದು 40 ಆಗಿಬಿಡತೈತಿ.

ವೋಲ್ಟೇಜಿನ ಮಾತಿಗೆ ಬರೋಣ, ಎಡವೂದು ಹೆಚ್ಚಾಗಿ ಇಲ್ಲೇ. ಯೂರೋರ‍್ಯಾಕಿಗೆ ಡೋಪ್‌ಫರ್ ಕಂಪನಿ ಎ-100 ಮೂಲಕ ಹಾದಿ ಹಾಕಿಕೊಟ್ಟಿದ್ದು. ಅವರ ಲೆಕ್ಕದಾಗ ಎಲ್‌ಎಫ್‌ಒ ಸಾಮಾನ್ಯವಾಗಿ −2.5 ರಿಂದ +2.5 ವೋಲ್ಟ್, ಎಡಿಎಸ್‌ಆರ್ 0 ರಿಂದ +8, ಆಡಿಯೋ −5 ರಿಂದ +5. ಬ್ಯಾರೆ ಕಂಪನಿಯವರು ಎಲ್‌ಎಫ್‌ಒನೂ ±5 ವೋಲ್ಟ್ ಕೊಡತಾರ. ಪಮೇಲಾದ ಔಟ್‌ಪುಟ್ 0 ರಿಂದ 5, ಸೊನ್ನಿಗಿಂತ ಕೆಳಗ ಇಳಿಯೂದಿಲ್ಲ.

ಇದರಿಂದ ಏನಾಗತೈತಿ ಕೇಳ್ರಿ. ಫಿಲ್ಟರಿನ ಸಿವಿ (ನಿಯಂತ್ರಣದ ವೋಲ್ಟೇಜ್) ಇನ್‌ಪುಟ್ ಒಂದು ವೋಲ್ಟಿಗೆ ಒಂದು ಆಕ್ಟೇವ್ ಲೆಕ್ಕದ್ದಿದ್ದು, ಅದಕ್ಕ ±5 ವೋಲ್ಟ್ ತ್ರಿಕೋನ ತರಂಗ ಹಂಗ ಚುಚ್ಚಿದ್ರ ಕಟ್‌ಆಫ್ (ಫಿಲ್ಟರ್ ತಡೆಯಾಕ ಸುರು ಮಾಡೂ ಕಂಪನದ ಮಟ್ಟ) 10 ಆಕ್ಟೇವ್ ಓಡಾಡತೈತಿ. ನಿಮ್ಮ ಡ್ರೋನಿನಾಗ ಬದಲಾವಣಿ ಕೇಳಸೂದು 100 ಹರ್ಟ್ಸಿನಿಂದ 6,400ರ ತನಕ ಅಂತ ಇಟಗೊಳ್ರಿ, ಅದು ಬರೇ 6 ಆಕ್ಟೇವ್. ಉಳಿದ ನಾಲ್ಕು ಆಕ್ಟೇವಿನ ಹೊತ್ತು, ಅಂದ್ರ 30 ಸೆಕೆಂಡಿನಾಗ 12 ಸೆಕೆಂಡ್, ಫಿಲ್ಟರ್ ಒಂದೋ ಪೂರಾ ಮುಚ್ಚಿರತೈತಿ, ಇಲ್ಲಾ ಪೂರಾ ತೆರೆದಿರತೈತಿ. ಕೇಳೂ ಮಂದಿಗೆ ‘ಎಲ್‌ಎಫ್‌ಒ ನಿಂತೈತಿ’ ಅನಸತೈತಿ. ನಿಂತಿಲ್ಲ, ಅದು ಕಿವಿಗೆ ಸಿಗದ ಜಾಗಾದಾಗ ಓಡಾಡಾಕತ್ತೈತಿ.

ವಿಸಿಎದಾಗ ಇನ್ನೂ ಢಾಳಾಗಿ ಕಾಣತೈತಿ. ಸೊನ್ನಿ ವೋಲ್ಟಿಗೇ ವಿಸಿಎ ಮುಚ್ಚಿರತೈತಿ. ±5 ತರಂಗ ಕೊಟ್ರ ಕೆಳಗಿನ ಅರ್ಧ ಸುತ್ತು ಪೂರಾ ಮೌನ. ಅಲ್ಲಿ ಬೇಕಾದ್ದು 0 ರಿಂದ 5, ಅಂದ್ರ ತರಂಗ ಅರ್ಧ ಮಾಡಿ, ಅದಕ್ಕ 2.5 ವೋಲ್ಟ್ ಆಫ್‌ಸೆಟ್ (ಬದಲಾಗದ ವೋಲ್ಟೇಜ್) ಕೂಡಿಸಬೇಕು.

ಅದಕ್ಕ ನಾನು ಹೇಳೂದು ಇಷ್ಟ: ಎಲ್‌ಎಫ್‌ಒ ಅನ್ನೂದು ಅರ್ಧ ಸಾಮಾನು. ಇನ್ನರ್ಧ ಅಟೆನ್ಯುವರ್ಟರ್ (ತರಂಗ ಸಣ್ಣ ಮಾಡೂದು, ಮಗಚೂದು) ಮತ್ತ ಆಫ್‌ಸೆಟ್. ಇದ್ದ ದುಡ್ಡೆಲ್ಲಾ ಎಲ್‌ಎಫ್‌ಒಕ್ಕ ಸುರಿದು ಎರಡನೇ ಅರ್ಧ ಬಿಟ್ರ ಎಂಥಾ ದುಬಾರಿ ಎಲ್‌ಎಫ್‌ಒ ಇದ್ರೂ ಕೆಲಸಕ್ಕ ಬರೂದಿಲ್ಲ.

ಈಗ ನಿಮ್ಮ ನಾಲ್ಕು ನೋಡೋಣ. ಸುಂಕ, ಐಜಿಎಸ್‌ಟಿ, ಕೊರಿಯರ್‌ದವರ ಖರ್ಚು ಕೂಡಿಸಿದ್ರ ಮ್ಯಾಥ್ಸ್, ಬಟೂಮಿ, ಪಮೇಲಾ ಮೂರೂ ಹೊಸಾವು 20,000 ದಾಟತಾವು. ಎ-145 ಒಂದ ಉಳೀತು. 8 ಎಚ್‌ಪಿ, ಮೂರು ರೇಂಜಿನ ಸ್ವಿಚ್, ಎರಡು ನಮೂನಿ ಸಾಟೂತ್, ತ್ರಿಕೋನ, ಸೈನ್, ಚೌಕ, ಜೊತಿಗೆ ರೀಸೆಟ್ ಇನ್‌ಪುಟ್ (ಅದಕ್ಕ ಟ್ರಿಗರ್ ಬಂದ್ರ ಸುತ್ತು ಮೊದಲಿಂದ ಸುರು). ವೇಗಕ್ಕ ಸಿವಿ ಇನ್‌ಪುಟ್ ಇಲ್ಲ, ಅದು ಬೇಕಂದ್ರ ಎ-147 ಸಾಲು ನೋಡಬೇಕು. ಎ-145ರ ಜೊತಿಗೆ ಎ-183-2 ತರಸ್ರಿ, ಆಫ್‌ಸೆಟ್, ಅಟೆನ್ಯುಯೇಟರ್, ಪೋಲರೈಜರ್ ಒಂದರಾಗ ಐತಿ. ಎರಡೂ ನಿಮ್ಮ 22 ಎಚ್‌ಪಿಯಾಗ ಆರಾಮ ಕೂಡತಾವು, ಮ್ಯಾಲ ಜಾಗಾನೂ ಉಳೀತೈತಿ.

ಮ್ಯಾಥ್ಸ್ ಅನ್ನ ಮಂದಿ ಇಷ್ಟು ಹೊಗಳೂದು ಯಾಕಂದ್ರ ಅದರಾಗ ಎರಡೂ ಅರ್ಧ ಒಂದ ಕಡೆ ಕೂಡ್ಯಾವು. 1 ಮತ್ತ 4ನೇ ಚಾನೆಲ್ ತಾವ ಸುತ್ತತಾವು, 2 ಮತ್ತ 3 ಅಟೆನ್ಯುವರ್ಟರ್, ಅವಕ್ಕ ಏನೂ ಚುಚ್ಚದಿದ್ರ ಆಫ್‌ಸೆಟ್ ಕೊಡತಾವು. ಭಾಳ ಛಲೋ ಮಾಡ್ಯೂಲ್. ಆದ್ರ 20 ಎಚ್‌ಪಿ ನುಂಗತೈತಿ, ನಿಮಗ ಉಳಿಯೂದು 2.

ತರಿಸೂಕಿಂತ ಮೊದಲ ನಿಮ್ಮ ಪವರ್ ಸಪ್ಲಾಯ್ +12 ಮತ್ತ −12 ಎರಡರಾಗೂ ಎಷ್ಟು ಮಿಲಿಆಂಪಿಯರ್ ಉಳಿದೈತಿ ಲೆಕ್ಕ ಹಾಕ್ರಿ. ಕೇಸ್ ಎಷ್ಟು ಆಳ ಐತಿ ಅದನ್ನೂ ಅಳೀರಿ. ಪವರ್ ರಿಬ್ಬನ್ ಕೇಬಲಿನ ಕೆಂಪು ಗೆರಿ ಇರೋ ಅಂಚು −12 ಕಡೆ ಬರಬೇಕು. ಬೋರ್ಡಿನ ಮ್ಯಾಲಿನ ಗುರುತು ನೋಡಿನ ಚುಚ್ರಿ, ತಿರುವಾಗಿ ಹಾಕಿ ಕರೆಂಟ್ ಕೊಟ್ರ ಐಸಿ ಹೋಗತಾವು.

ಬೆಟಗೇರಿ_ವೋಲ್ಟ್, ಗದಗ

ಹುಬ್ಬಳ್ಳಿಯವರು ಹೇಳಿದ ‘ಇನ್ನರ್ಧ’ದ ಮಾತು ನೂರಕ್ಕೆ ನೂರು ಸರಿ. ಆದರೆ ಬೆಸುಗೆ ಬರುತ್ತದೆ ಎಂದ ಮೇಲೆ ಮೊದಲ ಅರ್ಧವನ್ನು ಹೊರದೇಶದಿಂದ ತರಿಸುವುದೇಕೆ? ಸಾದಾ ತ್ರಿಕೋನ-ಚೌಕ ಎಲ್‌ಎಫ್‌ಒಗೆ ಒಂದೇ ಒಂದು ಟಿಎಲ್072 ಐಸಿ ಸಾಕು. ಜ್ಯಾಕ್, ಪ್ಯಾನೆಲ್ ಸೇರಿದರೂ ಕೆಲವು ನೂರು ರೂಪಾಯಿಯಲ್ಲಿ ಮುಗಿಯುತ್ತದೆ.

ಟಿಎಲ್072ರಲ್ಲಿ ಎರಡು ಆಪ್-ಆಂಪ್ ಇವೆ. ಮೊದಲನೆಯದು ಇಂಟಿಗ್ರೇಟರ್, ಎರಡನೆಯದು ಶ್ಮಿಟ್ ಟ್ರಿಗರ್. ಒಂದರ ಔಟ್‌ಪುಟ್ ಇನ್ನೊಂದಕ್ಕೆ. ಜೋಡಣೆ ಹೀಗೆ: 8ನೇ ಪಿನ್‌ಗೆ +12, 4ಕ್ಕೆ −12. 3 ಮತ್ತು 6ನೇ ಪಿನ್ ನೆಲಕ್ಕೆ (ಗ್ರೌಂಡ್). 1 ಮತ್ತು 2ರ ನಡುವೆ ಕೆಪಾಸಿಟರ್. 7ನೇ ಪಿನ್‌ನಿಂದ 10 ಕಿಲೋ ಓಮ್, ಅದರ ಸರಣಿಯಲ್ಲಿ 1 ಮೆಗಾ ಓಮ್ ಪಾಟ್ (ನಾಬ್ ತಿರುಗಿಸಿ ಬದಲಿಸುವ ರೆಸಿಸ್ಟರ್), ಅಲ್ಲಿಂದ 2ನೇ ಪಿನ್. 1ರಿಂದ 5ಕ್ಕೆ 47 ಕಿಲೋ ಓಮ್, 7ರಿಂದ 5ಕ್ಕೆ 100 ಕಿಲೋ ಓಮ್. ಇಷ್ಟೇ. 1ನೇ ಪಿನ್‌ನಲ್ಲಿ ತ್ರಿಕೋನ, 7ರಲ್ಲಿ ಚೌಕ.

±12 ವೋಲ್ಟ್‌ನಲ್ಲಿ ಟಿಎಲ್072ರ ಔಟ್‌ಪುಟ್ ಸುಮಾರು ±10.5ರವರೆಗೆ ಹೋಗುತ್ತದೆ. ಅದನ್ನು 47/100ರಿಂದ ಗುಣಿಸಿದರೆ ತ್ರಿಕೋನದ ಎತ್ತರ, ಹತ್ತಿರ ಹತ್ತಿರ ±5 ವೋಲ್ಟ್. ಚೌಕ ತರಂಗ ±10.5 ಇರುವುದರಿಂದ 10 ಕಿಲೋ ಓಮ್‌ನ ಎರಡು ರೆಸಿಸ್ಟರ್‌ಗಳಿಂದ ಅರ್ಧ ಮಾಡಿ ಜ್ಯಾಕ್‌ಗೆ ಕೊಡಿ. ತ್ರಿಕೋನಕ್ಕೆ 1 ಕಿಲೋ ಓಮ್ ಸರಣಿಯಲ್ಲಿರಲಿ, ಪ್ಯಾಚ್ ಕೇಬಲ್ ಚುಚ್ಚುವಾಗ ಶಾರ್ಟ್ ಆದರೂ ಐಸಿ ಬದುಕುತ್ತದೆ.

ಒಂದು ಸುತ್ತಿನ ಅವಧಿಗೆ ಸೂತ್ರ: 4 × (47/100) × ಪಾಟ್ ಸೇರಿದ ರೆಸಿಸ್ಟನ್ಸ್ × ಕೆಪಾಸಿಟರ್. 1 ಮೈಕ್ರೊಫ್ಯಾರಡ್ ಫಿಲ್ಮ್ ಕೆಪಾಸಿಟರ್ ಹಾಕಿದರೆ ವೇಗದ ತುದಿ ಸುಮಾರು 53 ಹರ್ಟ್ಸ್, ನಿಧಾನದ ತುದಿ 0.53 ಹರ್ಟ್ಸ್, ಎಂದರೆ ಹೆಚ್ಚುಕಡಿಮೆ ಎರಡು ಸೆಕೆಂಡಿಗೆ ಒಂದು ಸುತ್ತು. ಒಂದು ಸ್ವಿಚ್ ಹಾಕಿ ಅದಕ್ಕೆ ಸಮಾಂತರವಾಗಿ 22 ಮೈಕ್ರೊಫ್ಯಾರಡ್ ಸೇರಿಸಿದರೆ 44 ಸೆಕೆಂಡಿನಿಂದ ಸೆಕೆಂಡಿಗೆ ಎರಡು ಸುತ್ತಿನ ತನಕ ಬರುತ್ತದೆ. ನಿಮ್ಮ ಅರ್ಧ ನಿಮಿಷ ಆರಾಮವಾಗಿ ಇದರೊಳಗಿದೆ.

ಆ 22 ಮೈಕ್ರೊಫ್ಯಾರಡ್ ಸಾದಾ ಎಲೆಕ್ಟ್ರೊಲಿಟಿಕ್ ಆಗಬಾರದು. ತ್ರಿಕೋನ ಸೊನ್ನೆಯ ಎರಡೂ ಬದಿ ಆಡುವುದರಿಂದ ಕೆಪಾಸಿಟರ್ ಮೇಲೆ ವೋಲ್ಟೇಜ್ ಅರ್ಧ ಹೊತ್ತು ತಿರುವಾಗುತ್ತದೆ. ಬೈಪೋಲಾರ್ ಬೇಕು, ಸ್ಪೀಕರ್ ಕ್ರಾಸ್‌ಓವರ್‌ಗೆ ಹಾಕುವಂಥದ್ದು. ಸಿಗದಿದ್ದರೆ 47 ಮೈಕ್ರೊಫ್ಯಾರಡ್‌ನ ಎರಡು ಎಲೆಕ್ಟ್ರೊಲಿಟಿಕ್ ತಗೊಂಡು ಮೈನಸ್ ಕಾಲಿಗೆ ಮೈನಸ್ ಕಾಲು ಬೆಸೆಯಿರಿ, ಎರಡು ಪ್ಲಸ್ ಹೊರಗೆ ಉಳಿಯಲಿ, 23.5 ಆಗುತ್ತದೆ.

ಪಾಟ್ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ಲೀನಿಯರ್ ಪಾಟ್ ಹಾಕಿದರೆ ಕೆಲಸ ನಡೆಯುತ್ತದೆ, ಆದರೆ ಅವಧಿ ಸಮನಾಗಿ ಹೆಚ್ಚುವುದರಿಂದ ವೇಗವೆಲ್ಲ ಒಂದು ತುದಿಗೆ ಗುಂಪು ಕೂಡುತ್ತದೆ. ರಿವರ್ಸ್ ಲಾಗ್ ಪಾಟ್, ಮೇಲೆ ಸಿ1ಎಂ ಎಂದು ಬರೆದಿರುವುದು, ಸಿಕ್ಕರೆ ಅದೇ ಉತ್ತಮ. ನಮ್ಮ ಕಡೆಯ ಅಂಗಡಿಗಳಲ್ಲಿ ಅದಕ್ಕಿಂತ ಎ1ಎಂ, ಅಂದರೆ ವಾಲ್ಯೂಮ್‌ಗೆ ಹಾಕುವ ಲಾಗ್ ಪಾಟ್, ಸುಲಭವಾಗಿ ದೊರೆಯುತ್ತದೆ. ಅದನ್ನು ಎಡತುದಿಯ ಕಾಲು ಮತ್ತು ನಡುವಿನ ಕಾಲಿಗೆ ಜೋಡಿಸಿ. ಹರವು ಸರಿಬರುತ್ತದೆ, ದಿಕ್ಕು ಮಾತ್ರ ತಿರುವು: ಬಲಕ್ಕೆ ತಿರುಗಿಸಿದಷ್ಟೂ ನಿಧಾನ. ಪ್ಯಾನೆಲ್ ಮೇಲೆ ಹಾಗೆಂದೇ ಬರೆದುಕೊಳ್ಳಿ.

ಐಸಿ ಆರಿಸುವಾಗ: ಟಿಎಲ್072 ಇಲ್ಲದಿದ್ದರೆ ಅಂಗಡಿಯವರು 4558 ಕೊಡುತ್ತಾರೆ. ಪಿನ್ ಜೋಡಣೆ ಅದೇ, ಓಡುತ್ತದೆ. ಅದರ ಇನ್‌ಪುಟ್ ಕರೆಂಟ್ ಹೆಚ್ಚಿರುವುದರಿಂದ ತೀರಾ ನಿಧಾನದಲ್ಲಿ ಏರುವ ಹೊತ್ತು, ಇಳಿಯುವ ಹೊತ್ತು ಸ್ವಲ್ಪ ಹೆಚ್ಚುಕಡಿಮೆ ಆಗಬಹುದು. ಎಲ್‌ಎಂ358 ಬೇಡ. ಅದರ ಔಟ್‌ಪುಟ್ ಕೆಳಗೆ −12ರ ಹತ್ತಿರದವರೆಗೆ ಇಳಿಯುತ್ತದೆ, ಮೇಲೆ ಒಂದೂವರೆ ವೋಲ್ಟ್ ಮೊದಲೇ ನಿಲ್ಲುತ್ತದೆ. ತ್ರಿಕೋನ ಸೊನ್ನೆಯಿಂದ ಸರಿದು ಕೂಡುತ್ತದೆ.

ಪವರ್ ಕಡೆ ಎರಡೂ ಸಾಲಿಗೆ 1ಎನ್5817 ಶಾಟ್ಕಿ ಡಯೋಡ್, ಆಮೇಲೆ 10 ಓಮ್, ಆಮೇಲೆ ನೆಲಕ್ಕೆ 22 ಮೈಕ್ರೊಫ್ಯಾರಡ್. ಐಸಿಯ 4 ಮತ್ತು 8ನೇ ಪಿನ್‌ಗೆ ಅಂಟಿದಂತೆ ತಲಾ 100 ನ್ಯಾನೊಫ್ಯಾರಡ್.

ಪರೀಕ್ಷೆಗೆ ಆಸಿಲೋಸ್ಕೋಪ್ ಬೇಕಿಲ್ಲ. ಐಸಿ ಹಾಕದೆ ಸಾಕೆಟ್‌ಗೆ ಕರೆಂಟ್ ಕೊಟ್ಟು 8 ಮತ್ತು 4ರಲ್ಲಿ ವೋಲ್ಟೇಜ್ ಅಳೆಯಿರಿ. ಸರಿಯಿದ್ದರೆ ಕರೆಂಟ್ ತೆಗೆದು ಐಸಿ ಕೂಡಿಸಿ. ನಿಧಾನದ ರೇಂಜಿನಲ್ಲಿ ಮಲ್ಟಿಮೀಟರ್ ಅನ್ನು ಡಿಸಿ 20 ವೋಲ್ಟ್‌ಗೆ ಇಟ್ಟು 1ನೇ ಪಿನ್ ಮುಟ್ಟಿದರೆ −5ರಿಂದ +5ರವರೆಗೆ ಅಂಕಿ ಏರಿ ಇಳಿಯುವುದು ಕಾಣುತ್ತದೆ. 7ನೇ ಪಿನ್ ಒಂದೇ ಕಡೆ ಅಂಟಿಕೊಂಡಿದ್ದರೆ ಹೆಚ್ಚಾಗಿ 47 ಮತ್ತು 100 ಕಿಲೋ ಓಮ್ ಅದಲುಬದಲಾಗಿರುತ್ತವೆ. ಆಗ ಶ್ಮಿಟ್ ಟ್ರಿಗರ್ ಮಗುಚಲು ತ್ರಿಕೋನ 22 ವೋಲ್ಟ್ ಮುಟ್ಟಬೇಕಾಗುತ್ತದೆ, 12 ವೋಲ್ಟ್ ಸಪ್ಲಾಯ್‌ನಲ್ಲಿ ಅದು ಎಂದೂ ಮುಟ್ಟುವುದಿಲ್ಲ.

ನೀವು ಧಾರವಾಡದಲ್ಲಿ ಇರುವುದರಿಂದ ಇನ್ನೊಂದು ಮಾತು. ಜೂನ್‌ನಿಂದ ಹಿಡಿಯುವ ಜಿಟಿಜಿಟಿ ಮಳೆಯಲ್ಲಿ ಬೋರ್ಡ್ ಮೇಲೆ ಉಳಿದ ಫ್ಲಕ್ಸ್ ತೇವ ಹೀರುತ್ತದೆ. ಪಾಟ್ ಪೂರ್ತಿ ನಿಧಾನದಲ್ಲಿದ್ದಾಗ 2ನೇ ಪಿನ್‌ಗೆ ಹರಿಯುವುದೇ 10 ಮೈಕ್ರೊಆಂಪಿಯರ್. ಪಕ್ಕದ −12 ಗೆರೆಯಿಂದ 10 ಮೆಗಾ ಓಮ್‌ನಷ್ಟು ಸೋರಿಕೆ ಆದರೂ ಒಂದು ಮೈಕ್ರೊಆಂಪಿಯರ್‌ಗಿಂತ ಹೆಚ್ಚು ಸೇರಿ ತ್ರಿಕೋನ ಒಂದು ಬದಿಗೆ ವಾಲುತ್ತದೆ. ಬೆಸುಗೆ ಮುಗಿದ ಮೇಲೆ ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿ ಬ್ರಷ್‌ನಿಂದ ಉಜ್ಜಿ ತೊಳೆಯಿರಿ. ನಮ್ಮ ಗದಗಿನ ಒಣ ಗಾಳಿಯಲ್ಲಿ ಈ ತೊಂದರೆ ಕಡಿಮೆ. ಇಲ್ಲಿ ಪಾಟ್ ಒಳಗೆ ಧೂಳು ಹೋಗಿ ಕರಕರ ಅನ್ನುವುದೇ ಹೆಚ್ಚು.

ಸಪ್ತಾಪುರ_ಡ್ರೋನ್, ಧಾರವಾಡ

ಇಬ್ಬರಿಗೂ ಭಾಳ ಧನ್ಯವಾದ. ಅಕ್ಕಾರ, ಈ ಸರ್ಕ್ಯೂಟ್ ಮಾಡೇ ಮಾಡ್ತೀನಿ. ಎರಡು ಪ್ರಶ್ನಿ ಉಳದಾವ. ಆಫ್‌ಸೆಟ್, ಅಟೆನ್ಯುವರ್ಟರ್ ಕೂಡ ಅದೇ ಬೋರ್ಡಿನಾಗ ಹಾಕಲಿಕ್ಕೆ ಬರ್ತದೇನ್ರಿ? ಮತ್ತ ಇದರಾಗ ರೀಸೆಟ್ ಇಲ್ಲಲ್ಲಾ, ತೀನ್‌ತಾಲದ ಜೊತಿ ಹೆಂಗ ಕೂಡಿಸೂದು?

ಬೆಟಗೇರಿ_ವೋಲ್ಟ್, ಗದಗ

ಬರುತ್ತದೆ. ಇನ್ನೊಂದು ಟಿಎಲ್072 ಹಾಕಿ. ಅದರ ಮೊದಲ ಆಪ್-ಆಂಪ್ ಇನ್ವರ್ಟಿಂಗ್ ಮಿಕ್ಸರ್: ಫೀಡ್‌ಬ್ಯಾಕ್ 100 ಕಿಲೋ ಓಮ್. ತ್ರಿಕೋನವನ್ನು 10 ಕಿಲೋ ಓಮ್ ಪಾಟ್ ಮೂಲಕ ಇಳಿಸಿ 100 ಕಿಲೋ ಓಮ್‌ನಿಂದ ಒಳಕ್ಕೆ ಕೊಡಿ. ಆಫ್‌ಸೆಟ್‌ಗೆ ಇನ್ನೊಂದು 10 ಕಿಲೋ ಓಮ್ ಲೀನಿಯರ್ ಪಾಟ್, ಅದರ ಎರಡು ತುದಿ +12 ಮತ್ತು −12ಕ್ಕೆ, ನಡುವಿನ ಕಾಲಿನಿಂದ 240 ಕಿಲೋ ಓಮ್ ಮೂಲಕ ಅದೇ ಬಿಂದುವಿಗೆ. 12ನ್ನು 100/240ರಿಂದ ಗುಣಿಸಿದರೆ 5, ಹಾಗಾಗಿ ಆಫ್‌ಸೆಟ್ ±5 ವೋಲ್ಟ್. ಎರಡನೆಯ ಆಪ್-ಆಂಪ್ ಬರೇ ಇನ್ವರ್ಟರ್, 100 ಕಿಲೋ ಓಮ್ ಎರಡು. ಎರಡೂ ಆಪ್-ಆಂಪ್‌ಗಳಿಂದ ಒಂದೊಂದು ಜ್ಯಾಕ್ ತೆಗೆದರೆ ನೇರ ತರಂಗ ಒಂದು ಕಡೆ, ಮಗುಚಿದ ತರಂಗ ಇನ್ನೊಂದು ಕಡೆ. ಫಿಲ್ಟರ್ ತೆರೆಯುವಾಗ ವಿಸಿಎ ಇಳಿಯುವಂತೆ ಮಾಡಲು ಈ ಎರಡು ಜ್ಯಾಕ್ ಸಾಕು.

3.5 ಮಿಲಿಮೀಟರ್ ಮೊನೊ ಜ್ಯಾಕ್ ಸಿಗದೆ ಸ್ಟೀರಿಯೊ ಸಿಕ್ಕರೆ ಅದನ್ನೇ ಹಾಕಿ, ರಿಂಗ್ ಕಾಲಿಗೆ ಏನೂ ಬೆಸೆಯಬೇಡಿ.

ರಾಣೇಬೆನ್ನೂರು_ಪ್ಯಾಚ್, ಹಾವೇರಿ

ತಾಳದ ಪ್ರಶ್ನೆಗೆ. ಲೆಕ್ಕ ಸುಲಭ: 60 × ಮಾತ್ರೆ ÷ ಬಿಪಿಎಂ. ತೀನ್‌ತಾಲ 16 ಮಾತ್ರೆ, ನಿಮಿಷಕ್ಕೆ 60 ಮಾತ್ರೆ ಅಂದರೆ ಆವರ್ತನಕ್ಕೆ 16 ಸೆಕೆಂಡ್, 0.0625 ಹರ್ಟ್ಸ್. ದ್ರುತ್ 240 ಇದ್ದರೆ 4 ಸೆಕೆಂಡ್. ವಿಲಂಬಿತ್‌ನಲ್ಲಿ ಮಾತ್ರೆಗೆ 4 ಸೆಕೆಂಡ್ ಹಿಡಿದರೆ 64 ಸೆಕೆಂಡ್, ಅದು ಮೇಲಿನ ಸರ್ಕ್ಯೂಟ್‌ನ 44 ಸೆಕೆಂಡಿನ ಮಿತಿ ದಾಟುತ್ತದೆ. 22ರ ಬದಲು 47 ಮೈಕ್ರೊಫ್ಯಾರಡ್ ಹಾಕಬೇಕು.

ಆದರೆ ಕೈಯಿಂದ ಹೊಂದಿಸಿದ ಎಲ್‌ಎಫ್‌ಒ ತಾಳದಲ್ಲಿ ನಿಲ್ಲಲ್ಲ. ಹೊಂದಾಣಿಕೆಯಲ್ಲಿ ಶೇಕಡಾ 1 ತಪ್ಪಿದರೂ 16 ಸೆಕೆಂಡಿನ ಆವರ್ತನಕ್ಕೆ 0.16 ಸೆಕೆಂಡ್ ಜಾರುತ್ತೆ. 25 ಆವರ್ತನ, ಅಂದರೆ ಆರು ನಿಮಿಷ 40 ಸೆಕೆಂಡ್ ಆಗುವಷ್ಟರಲ್ಲಿ 4 ಮಾತ್ರೆ, ಇಡೀ ಒಂದು ವಿಭಾಗ ಸರಿದಿರುತ್ತೆ. ತಬಲಾದವರು ಸಮ್‌ಗೆ ಬರುವಾಗ ನಿಮ್ಮ ಫಿಲ್ಟರ್ ಇನ್ನೂ ಹಿಂದಿನ ವಿಭಾಗದಲ್ಲೇ ಇರುತ್ತೆ.

ಹಾಗಾಗಿ ಮೂರನೇ ಕೆಲಸ ನಿಮಗೆ ನಿಜವಾಗಿ ಮುಖ್ಯವಾದರೆ ರೀಸೆಟ್ ಇರುವ ಎಲ್‌ಎಫ್‌ಒ ಬೇಕು, ಅದಕ್ಕೆ ಸಮ್‌ನಲ್ಲಿ ಒಂದು ಟ್ರಿಗರ್ ಬೇಕು. ಮಾತ್ರೆಗೊಂದು ಕ್ಲಾಕ್ ಇದ್ದು, 16ರಿಂದ ಭಾಗಿಸುವ ಕ್ಲಾಕ್ ಡಿವೈಡರ್ ಇದ್ದರೆ ಟ್ರಿಗರ್ ಸಿಕ್ಕಿತು. ಎಲ್‌ಎಫ್‌ಒ ವೇಗವನ್ನು ಆವರ್ತನಕ್ಕಿಂತ ಕೂದಲೆಳೆ ನಿಧಾನ ಇಡಿ, ಉದಾಹರಣೆಗೆ 16.2 ಸೆಕೆಂಡ್. ಆಗ ಸುತ್ತು ಮುಗಿಯುವ ಹೊಸ್ತಿಲಲ್ಲಿ ರೀಸೆಟ್ ಬಂದು ಹೊಸ ಸುತ್ತು ಶುರು, ಜಿಗಿತ ತೀರಾ ಸಣ್ಣದು. ವೇಗ ಹೆಚ್ಚಿಟ್ಟರೆ ಸುತ್ತು ಮೊದಲೇ ಮುಗಿದು ಎರಡನೇದು ಶುರುವಾಗಿ ಮಧ್ಯದಲ್ಲೇ ಕತ್ತರಿಸಿ ಬೀಳುತ್ತೆ. ಜಿಗಿತ ಫಿಲ್ಟರ್‌ನಲ್ಲಿ ಅಷ್ಟಾಗಿ ಕೇಳಲ್ಲ. ವಿಸಿಎದಲ್ಲಿ ಟಪ್ ಅಂತ ಕೇಳುತ್ತೆ, ಅಲ್ಲಿಗೆ ಒಂದು ಸ್ಲೂ ಲಿಮಿಟರ್ (ವೋಲ್ಟೇಜ್ ಜಿಗಿಯದೆ ಮೆಲ್ಲಗೆ ಬದಲಾಗುವಂತೆ ಮಾಡೋದು) ಬೇಕು. ರೀಸೆಟ್ ಆದಾಗ ತರಂಗ ಕೆಳಗಿನಿಂದ ಶುರುವೋ, ಸೊನ್ನೆಯಿಂದಲೋ ಅನ್ನೋದು ಮಾಡ್ಯೂಲಿನಿಂದ ಮಾಡ್ಯೂಲಿಗೆ ಬೇರೆ, ಕೈಪಿಡಿ ನೋಡಿಯೇ ಕೊಳ್ಳಿ.

ಪಮೇಲಾಕ್ಕೆ ಬೆಲೆ ಇರೋದು ಇದಕ್ಕೇ. ಕ್ಲಾಕ್, ಭಾಗಾಕಾರ, ತರಂಗ ಮೂರೂ 8 ಎಚ್‌ಪಿಯಲ್ಲಿ, 8 ಔಟ್‌ಪುಟ್. ತಾಳದ ಲೆಕ್ಕದಲ್ಲಿ ಅದು ಜಾರಲ್ಲ. ಬಟೂಮಿ 10 ಎಚ್‌ಪಿಯಲ್ಲಿ ನಾಲ್ಕು ಎಲ್‌ಎಫ್‌ಒ ಕೊಡುತ್ತೆ. ಒಂದನ್ನು ಮುಖ್ಯ ಮಾಡಿ ಉಳಿದ ಮೂರನ್ನು ಅದರ ಹಂತ ಬದಲಿಸಿ ಅಥವಾ ಭಾಗಿಸಿ ಓಡಿಸಬಹುದು. ಆವರ್ತನಕ್ಕೊಂದು, ನಾಲ್ಕು ಆವರ್ತನಕ್ಕೊಂದು ಸುತ್ತು ಬೇಕೆನ್ನುವವರಿಗೆ ಚೆನ್ನ. ಎರಡೂ ನಿಮ್ಮ ಈಗಿನ ಬಜೆಟ್ ಮೀರಿದವು.

ದುಡ್ಡು ಹಾಕುವ ಮೊದಲು ವಿಸಿವಿ ರ‍್ಯಾಕ್ ಇಳಿಸಿಕೊಳ್ಳಿ, ಅದು ಮಾಡ್ಯುಲರ್ ಸಿಂಥಸೈಜರನ್ನು ಕಂಪ್ಯೂಟರಿನಲ್ಲೇ ಓಡಿಸುವ ಸಾಫ್ಟ್‌ವೇರ್. ಉಚಿತ ಆವೃತ್ತಿಯಲ್ಲೇ ಎಲ್‌ಎಫ್‌ಒ, ವಿಸಿಒ, ಫಿಲ್ಟರ್, ವಿಸಿಎ ಇವೆ. ನಿಮ್ಮ ಕೇಸಿನಲ್ಲಿರುವ ಮಾಡ್ಯೂಲ್‌ಗಳನ್ನೇ ಅಲ್ಲಿ ಜೋಡಿಸಿ, ಎಲ್‌ಎಫ್‌ಒ ಒಂದೇ ಇಟ್ಟು, ಸ್ಕೋಪ್ ಮಾಡ್ಯೂಲ್ ತೆರೆದು, ಯೂನಿಪೋಲಾರ್ (ಸೊನ್ನೆಯ ಮೇಲೆ ಮಾತ್ರ ಆಡುವುದು) ಮತ್ತು ಬೈಪೋಲಾರ್ (ಸೊನ್ನೆಯ ಎರಡೂ ಬದಿ ಆಡುವುದು) ಎರಡೂ ವಿಸಿಎಗೆ ಕೊಟ್ಟು ನೋಡಿ. ಹುಬ್ಬಳ್ಳಿಯ ಸರ್ ಹೇಳಿದ್ದು ಕಣ್ಣಿಗೇ ಕಾಣುತ್ತೆ.

ಲ್ಯಾಪ್‌ಟಾಪ್‌ನ ಹೆಡ್‌ಫೋನ್ ಜ್ಯಾಕ್‌ನಿಂದ ಆ ಎಲ್‌ಎಫ್‌ಒ ನೇರ ಕೇಸಿಗೆ ಕೊಡೋಣ ಅಂತ ಅನಿಸಬಹುದು. ನಿಧಾನದ ವೋಲ್ಟೇಜ್ ಅಲ್ಲಿಂದ ಸಾಮಾನ್ಯವಾಗಿ ದಾಟಲ್ಲ, ಡಿಸಿ ತಡೆಯುವ ವ್ಯವಸ್ಥೆ ಇರುತ್ತೆ. ಚೂಪಾದ ಕ್ಲಿಕ್ ದಾಟುತ್ತೆ, ಆದರೆ ಒಂದು ವೋಲ್ಟ್ ಆಸುಪಾಸು, ಮಾಡ್ಯೂಲ್‌ನ ಟ್ರಿಗರ್‌ಗೆ ಹಲವು ಸಲ ಸಾಲಲ್ಲ. ಡಿಸಿ ಕಪಲ್ಡ್ (ಡಿಸಿ ತಡೆಯದ) ಇಂಟರ್‌ಫೇಸ್ ಇದ್ದರೆ ಮಾತ್ರ ಈ ದಾರಿ. ಎಲ್‌ಎಫ್‌ಒವನ್ನು ಸೌಂಡ್ ಕಾರ್ಡ್‌ನಲ್ಲಿ ರೆಕಾರ್ಡ್ ಮಾಡಿ ಆಕಾರ ನೋಡುವುದೂ ಇದೇ ಕಾರಣಕ್ಕೆ ಆಗಲ್ಲ, ಚೌಕ ತರಂಗ ಬರೇ ಮುಳ್ಳು ಮುಳ್ಳಾಗಿ ಕಾಣುತ್ತೆ.

ಹಳೇಹುಬ್ಬಳ್ಳಿ_ಸೋಲ್ಡರ್, ಹುಬ್ಬಳ್ಳಿ

ಬೆಟಗೇರಿ ಅಕ್ಕಾರ ಸರ್ಕ್ಯೂಟ್ ಅಗದಿ ಛಲೋ ಐತಿ. ಮೊದಲನೇ ಎಲ್‌ಎಫ್‌ಒ ಅದನ್ನ ಮಾಡ್ರಿ ಸರ. ಉಳಿದ ದುಡ್ಡು ಎರಡನೇದಕ್ಕ ಇಡ್ರಿ.

ಆಂದೋಲನದ ಮಾತು ಯಾರೂ ಎತ್ತಿಲ್ಲ, ಅದರಾಗ ಸೂಕ್ಷ್ಮ ಐತಿ. ಒಂದು ವೋಲ್ಟ್ ಅಂದ್ರ 1,200 ಸೆಂಟ್ (ಸ್ವರದ ಅಂತರದ ಸಣ್ಣ ಅಳತಿ). ಒಂದು ಸೆಮಿಟೋನ್ 83.3 ಮಿಲಿವೋಲ್ಟ್. ಸ್ವರ ±30 ಸೆಂಟ್ ತೂಗಬೇಕಂದ್ರ ಬೇಕಾದ್ದು ±25 ಮಿಲಿವೋಲ್ಟ್. ನಿಮ್ಮ ತ್ರಿಕೋನ ±5 ವೋಲ್ಟ್, ಅಂದ್ರ 200ರಾಗ ಒಂದು ಪಾಲು. ಸಾದಾ ಅಟೆನ್ಯುಯೇಟರ್ ನಾಬಿನಾಗ ಅದು ತಳದ ಒಂದು ಗೆರಿ ಅಷ್ಟ, ಕೈಗೆ ಸಿಗೂದಿಲ್ಲ.

ಅದಕ್ಕ ಅಟೆನ್ಯುಯೇಟರ್ ಆದ ಮ್ಯಾಲ ಒಂದು ಸ್ಥಿರ ಭಾಗಾಕಾರ ಹಾಕ್ರಿ: ಸರಣಿಯಾಗ 1 ಮೆಗಾ ಓಮ್, ಆಮ್ಯಾಲ ನೆಲಕ್ಕ 10 ಕಿಲೋ ಓಮ್. ಮುಂದಿನ ಇನ್‌ಪುಟ್ 100 ಕಿಲೋ ಓಮ್ ಇದ್ರ ಸುಮಾರು 111ರಾಗ ಒಂದು ಪಾಲು ಬರತೈತಿ, ±5 ವೋಲ್ಟಿಗೆ ±45 ಮಿಲಿವೋಲ್ಟ್, ಅಂದ್ರ ±54 ಸೆಂಟ್. ಈಗ ನಾಬ್ ಪೂರಾ ಸುತ್ತಿದ್ರ 54, ನಡುವ ಇಟ್ರ 27. ಕೈಗೆ ಬಂತು. ಇದಕ್ಕಂತ ಪ್ಯಾನೆಲ್ ಮ್ಯಾಲ ಮೂರನೇ ಜ್ಯಾಕ್ ಒಂದು ಕೊರೀರಿ.

ಆ ಜ್ಯಾಕನ್ನ ವಿಸಿಒದ ಎಫ್‌ಎಂ ಇನ್‌ಪುಟ್‌ಗೆ ಕೊಡ್ರಿ, ಒಂದು ವೋಲ್ಟಿಗೆ ಒಂದು ಆಕ್ಟೇವ್ ಇರೋ ಪಿಚ್ ಇನ್‌ಪುಟ್‌ಗೆ ಬ್ಯಾಡ. ಎರಡೂ ವೋಲ್ಟೇಜ್ ಒಂದ ಜ್ಯಾಕಿನಾಗ ಬರೇ ರೆಸಿಸ್ಟರ್ ಹಾಕಿ ಕೂಡಿಸಿದ್ರ ಪಿಚ್ ವೋಲ್ಟೇಜ್ ಪಾಲಾಗಿ ಷಡ್ಜದಿಂದ ತಾರ ಷಡ್ಜದ ಅಂತರಾನ ಕೆಡತೈತಿ. ಎಫ್‌ಎಂ ಇನ್‌ಪುಟ್ ಎಕ್ಸ್‌ಪೊನೆನ್ಶಿಯಲ್ ಇರಬೇಕು, ಲೀನಿಯರ್ ಇದ್ರ ಮಂದ್ರದಾಗ ಹೆಚ್ಚು, ತಾರದಾಗ ಕಡಿಮಿ ತೂಗತೈತಿ.

ವೇಗ 1 ರಿಂದ 2 ಹರ್ಟ್ಸಿನಾಗ ಸುರು ಮಾಡಿ ಕಿವಿ ಹೇಳಿದಂಗ ಹೊಂದಿಸ್ರಿ. 5-6 ಹರ್ಟ್ಸಿಗೆ ಹೋತಂದ್ರ ಅದು ಪಾಶ್ಚಾತ್ಯ ವೈಬ್ರಾಟೊ ಆಗತೈತಿ, ದರಬಾರಿ ಅಲ್ಲ. ಇನ್ನೂ ಒಂದು, ಎಲ್‌ಎಫ್‌ಒ ಸ್ವರದ ಎರಡೂ ಬದಿ ಸಮ ತೂಗತೈತಿ. ದರಬಾರಿಯ ಗಾಂಧಾರ ಹಂಗಲ್ಲ, ರಿಷಭದ ಕಡೀಂದ ಏರಿ ಮತ್ತ ಅದರ ಕಡೇನ ಒಲೀತೈತಿ. ಅದಕ್ಕ ಆಫ್‌ಸೆಟ್ ಕೆಳಗ ಎಳದು, ತರಂಗದ ಮ್ಯಾಲಿನ ತುದಿ ಗಾಂಧಾರಕ್ಕ ಮುಟ್ಟೂ ಹಂಗ ಇಡ್ರಿ, ತೂಗಾಟ ಎಲ್ಲಾ ಅದರ ಕೆಳಗ ಆಗಲಿ. ತ್ರಿಕೋನದ ತುದಿ ಚೂಪು, ಗಂಟಲಿನಂಗ ಕೇಳಬೇಕಂದ್ರ ಸೈನ್ ಬೇಕು. ಸೈನ್ ಇಲ್ಲದಿದ್ರ ತ್ರಿಕೋನವನ್ನ ಸ್ಲೂ ಲಿಮಿಟರಿನಾಗ ಹಾಯಿಸಿದ್ರೂ ತುದಿ ಮೆತ್ತಗಾಗತೈತಿ.

ಇಷ್ಟು ಮಾಡಿದ್ರೂ ಒಂದ ವೇಗದಾಗ ಬಿಡದ ತೂಗಿದ್ರ ಯಂತ್ರದ್ದು ಅಂತ ತಿಳೀತೈತಿ. ಸ್ವರ ನಿಂತ ಮ್ಯಾಲ ತೂಗಾಟ ಸುರು ಆಗಬೇಕು, ಮತ್ತ ವೇಗ ಒಂಚೂರು ಹೆಚ್ಚುಕಡಿಮಿ ಆಗಬೇಕು. ಅದಕ್ಕ ನಿಮ್ಮ ಎರಡನೇ ಎಲ್‌ಎಫ್‌ಒ ಎ-147-2 ನೋಡ್ರಿ. ವೇಗಕ್ಕ ಸಿವಿ ಐತಿ, ತಡವಾಗಿ ಮೆಲ್ಲಗ ಏರೋ ಡಿಲೇ ಐತಿ, ಸೈನ್ ಐತಿ. ನೀವು ಮಾಡಿದ ನಿಧಾನದ ಎಲ್‌ಎಫ್‌ಒ ಅದರ ವೇಗದ ಇನ್‌ಪುಟ್‌ಗೆ ಚುಚ್ಚಿದ್ರ ಎರಡೂ ಕೆಲಸಕ್ಕ ಬರತಾವು. ರೀಸೆಟ್ ಇನ್‌ಪುಟ್ಟೂ ಐತಿ, ಮುಂದ ಕ್ಲಾಕ್ ಡಿವೈಡರ್ ತಗೊಂಡಾಗ ತೀನ್‌ತಾಲಕ್ಕೂ ಆತು.

ಸಪ್ತಾಪುರ_ಡ್ರೋನ್, ಧಾರವಾಡ

ಗಾಂಧಾರದ ಆಫ್‌ಸೆಟ್ ಮಾತು ನನಗ ತಲಿಗೆ ಹೊಳೆದೇ ಇರಲಿಲ್ಲ. ಹಿಂಗ ಮಾಡ್ತೀನಿ: ಮೊದಲ ಬೆಸುಗೆಯ ಎಲ್‌ಎಫ್‌ಒ ಆಫ್‌ಸೆಟ್ ಸಮೇತ, ಆಮ್ಯಾಲ ಎ-147-2. ಕಡೀ ಪ್ರಶ್ನಿ: ವೇಗ ಕಣ್ಣಿಗೆ ಕಾಣಲಿಕ್ಕೆ ಎಲ್‌ಇಡಿ ಹಾಕಬೇಕಂತ ಅದ. ಎಲ್‌ಇಡಿ ಹಾಕಿದ್ರ ಡ್ರೋನಿನಾಗ ಟಿಕ್ ಟಿಕ್ ಕೇಳಸ್ತದ ಅಂತಾರ, ಖರೇನ?

ಬೆಟಗೇರಿ_ವೋಲ್ಟ್, ಗದಗ

ಖರೆ, ಆದರೆ ತಪ್ಪು ಜಾಗದಲ್ಲಿ ಹಾಕಿದಾಗ. 7ನೇ ಪಿನ್‌ಗೆ ಎಲ್‌ಇಡಿ ಹಾಕಿದರೆ ಚೌಕ ತರಂಗ ಮಗುಚಿದ ಗಳಿಗೆಯಲ್ಲೇ ಎಲ್‌ಇಡಿಯ ಕರೆಂಟ್ ಒಮ್ಮೆಲೇ +12 ಸಾಲಿನಿಂದ −12 ಸಾಲಿಗೆ ನೆಗೆಯುತ್ತದೆ. ಆ ಎಳೆತ ಬಸ್‌ಬೋರ್ಡ್‌ನ (ಎಲ್ಲ ಮಾಡ್ಯೂಲ್‌ಗೆ ಪವರ್ ಹಂಚುವ ಬೋರ್ಡ್) ನೆಲದ ಗೆರೆಯಲ್ಲಿ ಕೆಲವು ಮಿಲಿವೋಲ್ಟ್ ಎಬ್ಬಿಸಿದರೂ ವಿಸಿಒ, ವಿಸಿಎ ಅದನ್ನು ಹಿಡಿಯುತ್ತವೆ. ನಿರಂತರ ಡ್ರೋನ್‌ನಲ್ಲಿ ಅದು ಮುಚ್ಚಿಹೋಗುವುದಿಲ್ಲ, ಸ್ಪಷ್ಟ ಕೇಳುತ್ತದೆ.

ಎಲ್‌ಇಡಿಯನ್ನು ತ್ರಿಕೋನದ ಕಡೆ ಹಾಕಿ, ಕರೆಂಟ್ ಮೆಲ್ಲಗೆ ಏರಿ ಇಳಿಯುವುದರಿಂದ ಟಿಕ್ ಹುಟ್ಟುವುದಿಲ್ಲ. ಎರಡು ಕಾಲಿನ ಎರಡು ಬಣ್ಣದ ಎಲ್‌ಇಡಿ ತಗೊಂಡು 4.7 ಕಿಲೋ ಓಮ್ ಸರಣಿಯಲ್ಲಿಡಿ. 5 ವೋಲ್ಟ್‌ನಲ್ಲಿ 0.6 ಮಿಲಿಆಂಪಿಯರ್‌ನಷ್ಟು ಹರಿಯುತ್ತದೆ, ಈಗಿನ ಪ್ರಖರ ಎಲ್‌ಇಡಿಗೆ ಧಾರಾಳವಾಯಿತು. ಒಂದು ಬಣ್ಣ ಪ್ಲಸ್, ಇನ್ನೊಂದು ಮೈನಸ್. ಸೊನ್ನೆಯ ಆಚೀಚೆ ಎರಡು ವೋಲ್ಟ್‌ನಷ್ಟು ಅದು ಆರಿರುತ್ತದೆ, ಕೆಟ್ಟಿದೆ ಎಂದುಕೊಳ್ಳಬೇಡಿ. ಇದನ್ನು ಆಫ್‌ಸೆಟ್ ಆದ ಮೇಲಿನ ನೇರ ಔಟ್‌ಪುಟ್‌ಗೆ ಹಾಕಿದರೆ ಇನ್ನೂ ಅನುಕೂಲ: ಮೈನಸ್ ಬಣ್ಣ ಹತ್ತದಿದ್ದರೆ ತರಂಗ ಹೆಚ್ಚುಕಡಿಮೆ ಸೊನ್ನೆಯ ಮೇಲೆಯೇ ಇದೆ, ವಿಸಿಎಗೆ ಕೊಡಬಹುದು.

ಇಷ್ಟಾದರೂ ಟಿಕ್ ಉಳಿದರೆ ಕಾರಣ ಶ್ಮಿಟ್ ಟ್ರಿಗರ್‌ನ ಚೂಪು ಅಂಚು. ಚೌಕದ ಜ್ಯಾಕ್‌ಗೆ ಹೋಗುವ ತಂತಿಯನ್ನು ವಿಸಿಒದ ಪಿಚ್ ತಂತಿಯ ಪಕ್ಕ ಹಾಯಿಸಬೇಡಿ. ಬಸ್‌ಬೋರ್ಡ್‌ನಲ್ಲಿ ವಿಸಿಒ ಒಂದು ತುದಿಯಲ್ಲಿದ್ದರೆ ಎಲ್‌ಎಫ್‌ಒದ ರಿಬ್ಬನ್ ಇನ್ನೊಂದು ತುದಿಯ ಕನೆಕ್ಟರ್‌ಗೆ ಹೋಗಲಿ.